ಊಟ ಅಂಗನವಾಡಿಯಲ್ಲಿ, ಬಸುರಿ ಹೊಲದಲ್ಲಿ

ಬಸುರಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲೇ ಬಿಸಿಯೂಟ ಬಡಿಸುವ ಮಾತೃಪೂರ್ಣ ಯೋಜನೆ ಇಡೀ ರಾಜ್ಯಕ್ಕೆ ಬಂದದ್ದು 2017ರ ಅಕ್ಟೋಬರ್ 2ರಂದು. ಅದಕ್ಕೂ ಕೆಲವು ತಿಂಗಳ ಮೊದಲು ನಾಲ್ಕು ತಾಲೂಕುಗಳಲ್ಲಿ ಅದನ್ನು ನಡೆಸಿ ನೋಡಿದ್ದರು. ಮಧುಗಿರಿ, ಎಚ್.ಡಿ. ಕೋಟೆ, ಮಾನ್ವಿ, ಜೊತೆಗೆ ಬಾಗಲಕೋಟೆ ಜಿಲ್ಲೆಯ ಜಮಖಂಡಿ. ಹಾಗಾಗಿ ಈ ಯೋಜನೆಯ ಒಳ್ಳೆಯದನ್ನೂ ಕೊರತೆಯನ್ನೂ ಉಳಿದವರಿಗಿಂತ ಮೊದಲು ಕಂಡವರಲ್ಲಿ ಕೃಷ್ಣಾ ತೀರದ ಹೆಣ್ಣುಮಕ್ಕಳೂ ಇದ್ದಾರೆ.

ಯೋಜನೆಯ ಲೆಕ್ಕ ಸರಳ. ಅನ್ನ, ಬೇಳೆ-ತರಕಾರಿ ಸಾರು, ಪಲ್ಯ, ಒಂದು ಮೊಟ್ಟೆ, 200 ಮಿಲಿಲೀಟರ್ ಹಾಲು, ಶೇಂಗಾ ಚಿಕ್ಕಿ. ಊಟವಾದ ಮೇಲೆ ಟೀಚರ್ ಕಣ್ಣೆದುರಿಗೇ ಕಬ್ಬಿಣಾಂಶದ ಗುಳಿಗೆ. ತಿಂಗಳಿಗೆ 25 ದಿನ. ದಿನಕ್ಕೆ ಬೇಕಾದ ಶಕ್ತಿ, ಪ್ರೋಟೀನ್, ಕ್ಯಾಲ್ಸಿಯಂಗಳಲ್ಲಿ ಶೇ 40ರಿಂದ 45ರಷ್ಟು ಆ ಒಂದು ಊಟದಲ್ಲೇ ಸಿಗಬೇಕು ಎಂಬುದು ಗುರಿ. ಪೂರಕ ಪೌಷ್ಟಿಕ ಆಹಾರಕ್ಕೆ ಕೇಂದ್ರ ಸರ್ಕಾರ 2017ರಲ್ಲಿ ಗೊತ್ತುಮಾಡಿದ ದರ ಒಬ್ಬ ಬಸುರಿಗೆ ದಿನಕ್ಕೆ 9 ರೂಪಾಯಿ 50 ಪೈಸೆ. ಕರ್ನಾಟಕ ಆಗಲೇ ಅದರ ಎರಡು ಪಟ್ಟಿಗಿಂತ ಹೆಚ್ಚು ಖರ್ಚು ಮಾಡಲು ಮುಂದಾಗಿತ್ತು. ದುಡ್ಡಿನಲ್ಲೂ ಉದ್ದೇಶದಲ್ಲೂ ಇದು ದೊಡ್ಡ ಹೆಜ್ಜೆ. ಅದನ್ನು ಮೊದಲೇ ಒಪ್ಪಿಕೊಂಡು ಮುಂದೆ ಹೋಗೋಣ.

ಊಟವನ್ನು ಮನೆಗೆ ಕೊಡದೆ ಅಂಗನವಾಡಿಯಲ್ಲೇ ಉಣ್ಣಬೇಕು ಎಂದು ಕಟ್ಟು ಮಾಡಿದ್ದಕ್ಕೂ ಕಾರಣವಿತ್ತು. ಅದಕ್ಕೆ ಮುಂಚೆ ಹಿಟ್ಟು, ಬೆಲ್ಲ, ಕಾಳುಗಳನ್ನು ಪೊಟ್ಟಣ ಮಾಡಿ ಮನೆಗೆ ಕೊಡುತ್ತಿದ್ದರು. ಬಡವರ ಮನೆಯಲ್ಲಿ ಒಂದು ಪೊಟ್ಟಣ ಬಂದರೆ ಅದು ಬಸುರಿಯ ಪಾಲೆಂದು ಪಕ್ಕಕ್ಕೆ ಉಳಿಯುವುದಿಲ್ಲ. ಕೂಸುಗಳಿಗೆ ಅರ್ಧ, ಮುದುಕರಿಗೆ ಅರ್ಧ. ಹಂಚಿ ಉಣ್ಣುವುದು ತಪ್ಪಲ್ಲ, ಆದರೆ ಯಾರಿಗೆಂದು ಕೊಟ್ಟರೋ ಅವಳ ಹೊಟ್ಟೆಗೆ ಅದು ಹೋಗುತ್ತಿರಲಿಲ್ಲ. ಆದ್ದರಿಂದ ಅವಳನ್ನೇ ಊಟದ ಬಳಿಗೆ ಕರೆದರು. ಹಂಚಿಕೆಯ ಸಮಸ್ಯೆ ಬಗೆಹರಿಯಿತು. ಅವಳು ಬರುವುದು ಹೇಗೆ ಎಂಬ ಪ್ರಶ್ನೆ ಹಾಗೇ ಉಳಿಯಿತು.

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆದದ್ದು 2019ರಿಂದ 2021ರ ನಡುವೆ. ಆಗ ಕರ್ನಾಟಕದ ಬಸುರಿಯರಲ್ಲಿ ಶೇ 45.7 ಮಂದಿಗೆ ರಕ್ತಹೀನತೆ ಇತ್ತು. ಹಿಂದಿನ ಸಮೀಕ್ಷೆಯಲ್ಲೂ ಈ ಅಂಕಿ ಹೆಚ್ಚುಕಡಿಮೆ ಇಷ್ಟೇ ಇತ್ತು. ನಡುವೆ ಎಷ್ಟೋ ಯೋಜನೆ ಬಂದವು, ಅಂಕಿ ಅಲ್ಲಾಡಲಿಲ್ಲ. ಅದೇ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಶೇ 97 ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತಿವೆ. ಅಂದರೆ ನಮ್ಮ ವ್ಯವಸ್ಥೆ ಬಸುರಿಯನ್ನು ಹೆರಿಗೆಯ ದಿನ ದವಾಖಾನೆಗೆ ಮುಟ್ಟಿಸುವುದರಲ್ಲಿ ಗೆದ್ದಿದೆ. ಅದಕ್ಕಿಂತ ಹಿಂದಿನ ಒಂಬತ್ತು ತಿಂಗಳಲ್ಲಿ ಅವಳ ಮೈಯಲ್ಲಿ ರಕ್ತ ತುಂಬಿಸುವುದರಲ್ಲಿ ಸೋತಿದೆ. ಇವೆರಡರ ನಡುವಿನ ವ್ಯತ್ಯಾಸ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಹೆರಿಗೆ ಒಂದು ದಿನದ ಕೆಲಸ, ಆ ಒಂದು ದಿನಕ್ಕೆ ಇಡೀ ಮನೆ ಕೆಲಸ ಬಿಟ್ಟು ನಿಲ್ಲುತ್ತದೆ. ಊಟ ಪ್ರತಿದಿನದ ಕೆಲಸ. ಪ್ರತಿದಿನ ಅವಳಿಗಾಗಿ ನಿಲ್ಲುವವರು ಯಾರು?

ರಕ್ತ ಕಡಿಮೆಯಾಗುವ ಲೆಕ್ಕವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಬಸಿರಿನಲ್ಲಿ ಮೈಯೊಳಗಿನ ರಕ್ತದ ಪ್ರಮಾಣ ಶೇ 40ಕ್ಕಿಂತಲೂ ಹೆಚ್ಚಾಗುತ್ತದೆ. ಅದರಲ್ಲಿ ನೀರಿನಂಶ ಬೇಗ ಹೆಚ್ಚುತ್ತದೆ, ಕೆಂಪು ರಕ್ತಕಣಗಳು ನಿಧಾನಕ್ಕೆ ಹೆಚ್ಚುತ್ತವೆ. ಆ ಕಣಗಳಿಗೆ, ಕೂಸಿಗೆ, ಮಾಸುಚೀಲಕ್ಕೆ, ಮೈಯಿಂದ ದಿನವೂ ಕಳೆದುಹೋಗುವುದಕ್ಕೆ, ಎಲ್ಲ ಸೇರಿ ಒಂದು ಬಸಿರಿಗೆ ಸುಮಾರು 1,000 ಮಿಲಿಗ್ರಾಂ ಕಬ್ಬಿಣಾಂಶ ಬೇಕು. ಚೆನ್ನಾಗಿ ಉಂಡು ಬೆಳೆದ ಹೆಣ್ಣುಮಗಳಿಗೆ ಮೈಯಲ್ಲಿ ಒಂದಿಷ್ಟು ದಾಸ್ತಾನು ಇರುತ್ತದೆ. ನಮ್ಮ ಕಡೆಯ ಬಡ ಮನೆಗಳ ಹುಡುಗಿಯರು ಮೈನೆರೆದಂದಿನಿಂದಲೇ ಕೊರತೆಯಲ್ಲಿ ಇರುತ್ತಾರೆ. ಹದಿನೆಂಟು ತುಂಬಿತೋ ಇಲ್ಲವೋ ಮದುವೆ, ವರ್ಷದೊಳಗೆ ಬಸಿರು, ಆ ಕೂಸು ಹಾಲು ಬಿಡುವ ಮೊದಲೇ ಇನ್ನೊಂದು. ದಾಸ್ತಾನು ತುಂಬುವ ಹೊತ್ತೇ ಸಿಗುವುದಿಲ್ಲ.

ನೂರು ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕೆಳಗೆ ಬಂದರೆ ಬಸುರಿಗೆ ರಕ್ತಹೀನತೆ ಎನ್ನುತ್ತಾರೆ. 7ಕ್ಕಿಂತ ಕೆಳಗೆ ಹೋದರೆ ತೀವ್ರ. ಎಂಟು ಗ್ರಾಂ ಇಟ್ಟುಕೊಂಡು ದಿನವಿಡೀ ಕಳೆ ತೆಗೆಯುವ ಹೆಣ್ಣುಮಕ್ಕಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಮೈ ಆ ಕೊರತೆಗೆ ಒಗ್ಗಿಕೊಂಡಿರುತ್ತದೆ. ‘ಸ್ವಲ್ಪ ದಮ್ಮು ಹತ್ತತೈತಿ, ಮತ್ತೇನಿಲ್ರಿ’ ಎನ್ನುತ್ತಾರೆ. ಆದರೆ ಹೆರಿಗೆಯ ಹೊತ್ತಿಗೆ ರಕ್ತಸ್ರಾವ ಸ್ವಲ್ಪ ಜಾಸ್ತಿಯಾದರೂ ತಡೆದುಕೊಳ್ಳಲು ಅವಳಲ್ಲಿ ಏನೂ ಉಳಿದಿರುವುದಿಲ್ಲ. ಹನ್ನೆರಡು ಗ್ರಾಂ ಇದ್ದವಳು ಎದ್ದು ಕೂಡುವಷ್ಟೇ ರಕ್ತ ಹೋದರೆ ಏಳು ಗ್ರಾಂ ಇದ್ದವಳು ಕೈಬಿಟ್ಟು ಹೋಗುತ್ತಾಳೆ. 2018-20ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 69 ತಾಯಂದಿರು ತೀರಿಕೊಂಡಿದ್ದರು. ಕೇರಳದಲ್ಲಿ 19, ತಮಿಳುನಾಡಿನಲ್ಲಿ 54. 2019-21ರ ಲೆಕ್ಕದಲ್ಲಿ ನಮ್ಮ ಅಂಕಿ 63ಕ್ಕೆ ಇಳಿದಿತ್ತು, ಆದರೂ ನೆರೆಯವರ ಜೊತೆಗಿನ ಅಂತರ ಉಳಿದೇ ಇತ್ತು.

ಜಮಖಂಡಿ, ಮುಧೋಳ, ರಾಯಬಾಗ, ಅಥಣಿ ಕಡೆ ತಿರುಗಾಡಿದವರಿಗೆ ಗೊತ್ತಿರುತ್ತದೆ, ಇಲ್ಲಿ ಅರ್ಧ ಊರು ಊರಲ್ಲಿ ಇರುವುದಿಲ್ಲ, ತೋಟದಲ್ಲಿ ಇರುತ್ತದೆ. ಹೊಲದಲ್ಲೇ ಮನೆ ಕಟ್ಟಿಕೊಂಡ ಕುಟುಂಬಗಳು, ಆ ತೋಟಗಳಲ್ಲಿ ಆಳಾಗಿ ದುಡಿಯಲು ಬಂದು ಶೆಡ್ಡಿನಲ್ಲಿ ಉಳಿದ ಕುಟುಂಬಗಳು. ಅಂಗನವಾಡಿ ಮಾತ್ರ ಊರೊಳಗೆ ಗುಡಿ ಹತ್ತಿರವೋ ಶಾಲೆ ಹತ್ತಿರವೋ ಇರುತ್ತದೆ. ಅಂಥದೊಂದು ತೋಟದ ಮನೆಯಲ್ಲಿ ಆರು ತಿಂಗಳ ಬಸುರಿಯೊಬ್ಬಳ ದಿನವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಬೆಳಕು ಹರಿಯುವ ಮುಂಚೆ ಎದ್ದಳು. ಸೆಗಣಿ ಬಳಿದು, ಎಮ್ಮೆ ಹಿಂಡಿ, ಹಾಲನ್ನು ಡೇರಿ ಕ್ಯಾನಿಗೆ ಸುರಿದಳು. ಚಹಾಕ್ಕೆಂದು ಉಳಿಸಿದ್ದು ಒಂದು ಲೋಟ. ಆಮೇಲೆ ಒಲೆ ಮುಂದೆ ಕೂತು ರೊಟ್ಟಿ ಬಡಿದಳು. ಹೊಟ್ಟೆ ಅಡ್ಡ ಬರುತ್ತಿದ್ದುದರಿಂದ ಒಂದು ಕಾಲು ಚಾಚಿ, ಸೊಂಟ ಓರೆ ಮಾಡಿ ಕೂರಬೇಕಿತ್ತು. ಮಾವನಿಗೆ ಬಿಸಿ ರೊಟ್ಟಿ, ಗಂಡನಿಗೆ ಬುತ್ತಿ, ಶಾಲೆಗೆ ಹೊರಟ ಮೈದುನನಿಗೆ ಡಬ್ಬಿ. ಅವಳ ಪಾಲಿಗೆ ಚಹಾ ಮತ್ತು ಎರಡು ಬಿಸ್ಕೀಟು. ಹೊಟ್ಟೆಗೆ ಗಟ್ಟಿಯಾಗಿ ಏನಾದರೂ ಬಿದ್ದದ್ದು ಹನ್ನೊಂದರ ಮೇಲೆ, ಹೊಲದ ಬದುವಿನಲ್ಲಿ. ಒಂದೂವರೆ ರೊಟ್ಟಿ, ಶೇಂಗಾ ಹಿಂಡಿ, ಹಿಂದಿನ ರಾತ್ರಿಯ ಪುಂಡಿಪಲ್ಯ. ಅಂಗನವಾಡಿಗೆ ಯಾಕೆ ಹೋಗುವುದಿಲ್ಲ ಎಂದು ಕೇಳಿದೆ. ‘ಹೋಗಿ ಬರೂದರಾಗ ಮಧ್ಯಾಹ್ನನ ಮುಗೀತೈತ್ರಿ. ಅರ್ಧ ಪಗಾರ ಹೋಗತೈತಿ. ಅತ್ತೆವ್ರಿಗೂ ಸರಿ ಬರಂಗಿಲ್ಲ’ ಎಂದಳು.

ಈ ಮೂರು ಮಾತಿನಲ್ಲಿ ಇಡೀ ವಿಷಯ ಇದೆ. ದೂರ, ಕೂಲಿ, ಮನೆಯ ಹಿರಿಯರ ಒಪ್ಪಿಗೆ. ಅವಳಿಗೆ ಮೊಟ್ಟೆ ಒಳ್ಳೆಯದು, ಹಾಲು ಒಳ್ಳೆಯದು ಎಂದು ಗೊತ್ತಿಲ್ಲದೆ ಇಲ್ಲ. ಆಶಾ ಕಾರ್ಯಕರ್ತೆ ಹೇಳಿದ್ದಾಳೆ, ತಾಯಿ ಕಾರ್ಡಿನಲ್ಲಿ ಚಿತ್ರವೂ ಇದೆ. ಪೌಷ್ಟಿಕತೆಯ ಬಗ್ಗೆ ‘ಅರಿವು ಮೂಡಿಸುವ’ ಕಾರ್ಯಕ್ರಮಗಳನ್ನು ಮಾಡಿದಷ್ಟೂ ಅವಳ ಅರಿವು ಹೆಚ್ಚಬಹುದು. ಅವಳ ಮಧ್ಯಾಹ್ನ ಅವಳ ಕೈಗೆ ಬರುವುದಿಲ್ಲ. ಬಡ ಮನೆಯ ಬಸುರಿಗೆ ಎಲ್ಲಕ್ಕಿಂತ ಕೊರತೆಯಾಗಿರುವುದು ತನ್ನದೆನ್ನುವ ಹೊತ್ತು, ಆಹಾರದ ಕೊರತೆಯೂ ಅದರ ಹಿಂದೆಯೇ ಬರುತ್ತದೆ ಎಂದು ನಾನು ನಂಬಿದ್ದೇನೆ.

ಹೊಸ ಸೊಸೆ ಒಬ್ಬಳೇ ಊರ ನಡುವೆ ನಡೆದು ಹೋಗಿ, ನಾಲ್ಕು ಮಂದಿಯ ಮುಂದೆ ಕೂತು ಉಂಡು ಬರುವುದನ್ನು ಎಷ್ಟೋ ಮನೆಗಳು ಸಹಿಸುವುದಿಲ್ಲ. ‘ನಮ್ಮ ಮನ್ಯಾಗ ಕೂಳಿಲ್ಲೇನು?’ ಎಂಬ ಮಾತು ಬರುತ್ತದೆ. ಜಾತಿಯ ಅಡ್ಡಗೋಡೆಯೂ ಇದೆ. ಅಡುಗೆ ಮಾಡುವ ಸಹಾಯಕಿ ಯಾರು, ಪಕ್ಕದಲ್ಲಿ ಕೂರುವವರು ಯಾರು ಎಂದು ನೋಡುವ ಊರುಗಳು ಇನ್ನೂ ಇವೆ. ಇನ್ನೊಂದು ವಿಷಯವನ್ನು ಅಷ್ಟಾಗಿ ಯಾರೂ ಬರೆಯುವುದಿಲ್ಲ. ಮನೆಯಲ್ಲಿ ಮೂರು ವರ್ಷದ ಮಗು ಹಸಿದಿರುವಾಗ ತಾಯಿ ತಾನೊಬ್ಬಳೇ ಮೊಟ್ಟೆ ತಿಂದು ಬರಲಾರಳು. ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ತರುತ್ತಾಳೆ. ಆ ಮೊಟ್ಟೆಯನ್ನು ಅಲ್ಲೇ ತಿನ್ನಿಸಲು ಟೀಚರ್ ಒತ್ತಾಯ ಮಾಡಬೇಕು, ಇಲ್ಲದಿದ್ದರೆ ಅವರಿಗೆ ಮೇಲಿನಿಂದ ಮಾತು ಬರುತ್ತದೆ. ಮಕ್ಕಳ ಪಾಠ, ತೂಕ, ಅಡುಗೆ, ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ಎಂಬ ಸರ್ಕಾರಿ ಆ್ಯಪ್ ತುಂಬುವುದು, ಇವೆಲ್ಲದರ ನಡುವೆ ಅವರಿಗೆ ಇದೂ ಒಂದು ಹೊರೆ.

ಈ ಭಾಗದ ತಾಟಿನಲ್ಲಿ ಏನಿತ್ತು, ಈಗ ಏನಿದೆ ಎಂಬುದನ್ನೂ ನೋಡಬೇಕು. ಬಿಳಿಜೋಳದ ನಾಡು ಇದು. ನೂರು ಗ್ರಾಂ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ ಕಬ್ಬಿಣಾಂಶ, 10 ಗ್ರಾಂ ಪ್ರೋಟೀನ್ ಇದೆ. ಪಾಲಿಶ್ ಮಾಡಿದ ನೂರು ಗ್ರಾಂ ಅಕ್ಕಿಯಲ್ಲಿ ಕಬ್ಬಿಣಾಂಶ ಒಂದು ಮಿಲಿಗ್ರಾಂ ಕೂಡ ಇಲ್ಲ. ರೊಟ್ಟಿಯ ಜೊತೆ ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಮಡಿಕೆ ಕಾಳು, ಹೆಸರು ಕಾಳು, ಜುಣಕ. ಅದಕ್ಕಿಂತ ಹೆಚ್ಚಾಗಿ ಸೊಪ್ಪು. ಹಕ್ಕರಕಿ, ಕಿರಕಸಾಲಿ, ರಾಜಗಿರಿ, ಮೆಂತ್ಯ, ಪುಂಡಿ. ಇವುಗಳಲ್ಲಿ ಕೆಲವನ್ನು ಯಾರೂ ಬಿತ್ತುತ್ತಿರಲಿಲ್ಲ. ಜೋಳದ, ಕಡಲೆಯ ಸಾಲಿನಲ್ಲಿ ತಾವಾಗಿ ಹುಟ್ಟುತ್ತಿದ್ದವು. ಕಳೆ ತೆಗೆಯಲು ಹೋದ ಹೆಂಗಸು ಸಂಜೆ ಉಡಿ ತುಂಬ ಸೊಪ್ಪು ಕಟ್ಟಿಕೊಂಡು ಬರುತ್ತಿದ್ದಳು. ಅದಕ್ಕೆ ದುಡ್ಡು ಕೊಡಬೇಕಿರಲಿಲ್ಲ, ಯಾರ ಅಪ್ಪಣೆಯೂ ಬೇಕಿರಲಿಲ್ಲ. ಘಟಪ್ರಭಾ ಮತ್ತು ಕೃಷ್ಣೆಯ ನೀರು ಬಂದ ಮೇಲೆ ಆ ಹೊಲಗಳಿಗೆ ಕಬ್ಬು ಬಂತು. ಕಬ್ಬಿನ ಸಾಲಿಗೆ ಕಳೆನಾಶಕ ಹೊಡೆಯುತ್ತಾರೆ, ಸೊಪ್ಪು ಹುಟ್ಟುವುದಿಲ್ಲ. ಆಳುಮಕ್ಕಳಿಗೆ ಕೂಲಿಯನ್ನು ಜೋಳದಲ್ಲಿ ಅಳೆದು ಕೊಡುವ ಪದ್ಧತಿಯೂ ಹೋಯಿತು. ನೀರಾವರಿ ಈ ಭಾಗಕ್ಕೆ ಹಣ ತಂದಿದೆ, ಅದು ಬೇಡ ಎಂದು ಯಾರೂ ಹೇಳಲಾರರು. ಆದರೆ ಭೂಮಿ ಇಲ್ಲದವರ ಒಲೆಯ ಮೇಲೆ ಆದ ಬದಲಾವಣೆಯನ್ನು ಆ ಲೆಕ್ಕದಲ್ಲಿ ಯಾರೂ ಹಿಡಿದಿಲ್ಲ. ಅನ್ನಭಾಗ್ಯದ ಅಕ್ಕಿ ಹಸಿವನ್ನು ನಿಜವಾಗಿಯೂ ತಡೆದಿದೆ. ಜೋಳ ಪೇಟೆಯಲ್ಲಿ ತುಟ್ಟಿಯಾಗಿ, ಅಕ್ಕಿ ಪುಕ್ಕಟೆ ಸಿಕ್ಕಾಗ ಬಡ ಮನೆ ಎರಡು ಹೊತ್ತು ಅನ್ನ, ಒಂದು ಹೊತ್ತು ರೊಟ್ಟಿಗೆ ಬಂತು. ಹೊಟ್ಟೆ ತುಂಬುತ್ತದೆ, ರಕ್ತ ತುಂಬುವುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಬಸುರಿಗೆ ದಿನಕ್ಕೆ 27 ಮಿಲಿಗ್ರಾಂ ಕಬ್ಬಿಣಾಂಶ ಬೇಕು. ಮೊದಲಿಗಿಂತ 350 ಕಿಲೊಕ್ಯಾಲೊರಿ ಹೆಚ್ಚು ಊಟ ಬೇಕು. ಪ್ರೋಟೀನ್ ನಡುವಿನ ಮೂರು ತಿಂಗಳಲ್ಲಿ 9.5 ಗ್ರಾಂ, ಕೊನೆಯ ಮೂರು ತಿಂಗಳಲ್ಲಿ 22 ಗ್ರಾಂ ಹೆಚ್ಚು ಬೇಕು. ಒಂದು ಮೊಟ್ಟೆ ಮತ್ತು ಒಂದು ಲೋಟ ಹಾಲಿನಿಂದ ಸುಮಾರು 12-13 ಗ್ರಾಂ ಪ್ರೋಟೀನ್ ಬರುತ್ತದೆ. ಆದ್ದರಿಂದಲೇ ಮಾತೃಪೂರ್ಣದ ಆ ಮೊಟ್ಟೆ-ಹಾಲಿಗೆ ಬೆಲೆ ಇದೆ. ಕಬ್ಬಿಣಾಂಶದ ವಿಷಯ ಬೇರೆ. ಜೋಳ, ಕಾಳು, ಸೊಪ್ಪಿನ ಕಬ್ಬಿಣಾಂಶದಲ್ಲಿ ಮೈಗೆ ಹತ್ತುವುದು ಬಹಳ ಕಡಿಮೆ, ನೂರಕ್ಕೆ ಹತ್ತು ಪಾಲಿನ ಒಳಗೆ. ಊಟದ ಜೊತೆ ಲಿಂಬೆ ಹಿಂಡಿಕೊಂಡರೆ ಹೆಚ್ಚು ಹತ್ತುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಇನ್ನೂ ಕಡಿಮೆಯಾಗುತ್ತದೆ. ದಿನಕ್ಕೆ ನಾಲ್ಕೈದು ಸಲ ಚಹಾ ಕುಡಿದು ಹಸಿವು ಮುಚ್ಚುವುದು ನಮ್ಮ ಕೂಲಿ ಹೆಣ್ಣುಮಕ್ಕಳ ರೂಢಿ. ಊಟಕ್ಕೂ ಚಹಾಕ್ಕೂ ಒಂದೆರಡು ತಾಸು ಅಂತರವಿರಲಿ ಎಂಬ ಒಂದು ಸಣ್ಣ ಮಾತು ದುಡ್ಡು ಖರ್ಚಿಲ್ಲದೆ ಕೆಲಸ ಮಾಡುತ್ತದೆ. ಅಷ್ಟಾದರೂ ಊಟ ಒಂದರಿಂದಲೇ ಈ ಕೊರತೆ ತುಂಬುವುದಿಲ್ಲ. ಗುಳಿಗೆ ಬೇಕೇ ಬೇಕು.

ಆ ಗುಳಿಗೆಯ ಕಥೆಯೂ ಊಟದ ಕಥೆಯಂಥದೇ. 60 ಮಿಲಿಗ್ರಾಂ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲ ಇರುವ ಕೆಂಪು ಗುಳಿಗೆ, ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ನುಂಗಬೇಕು. ದೇಶದಲ್ಲಿ ಬಸಿರಿನಲ್ಲಿ 180 ದಿನ ಅದನ್ನು ನುಂಗಿದವರು 2019-21ರ ಸಮೀಕ್ಷೆಯಲ್ಲಿ ಶೇ 26 ಮಾತ್ರ. ಎಷ್ಟೋ ಮನೆಗಳ ಮಾಡದಲ್ಲಿ, ದೇವರ ಫೋಟೊದ ಹಿಂದೆ ಒಡೆಯದ ಸ್ಟ್ರಿಪ್ಪುಗಳು ಸಿಗುತ್ತವೆ. ಇಲಾಖೆಯ ಪುಸ್ತಕದಲ್ಲಿ ಅವೆಲ್ಲ ‘ವಿತರಣೆ ಆಗಿದೆ’ ಎಂದು ಸೇರಿರುತ್ತವೆ. ಕಾರಣಗಳು ಮೂಢನಂಬಿಕೆಯವೇ ಎಂದು ತಳ್ಳಿಹಾಕಬಾರದು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ, ಹೊಟ್ಟೆ ಉರಿ, ಮಲಬದ್ಧತೆ ನಿಜವಾಗಿಯೂ ಬರುತ್ತವೆ. ಮಲ ಕಪ್ಪಾಗುತ್ತದೆ. ಮೊದಲೇ ಹೇಳದಿದ್ದರೆ ಹೆದರಿಕೆಯಾಗುವುದು ಸಹಜ. ಹೊಟ್ಟೆ ತುಂಬ ಊಟವೇ ಇಲ್ಲದವಳಿಗೆ ‘ಊಟವಾದ ಮೇಲೆ ನುಂಗು’ ಎಂಬ ಸಲಹೆ ಎಲ್ಲಿಗೆ ಮುಟ್ಟುತ್ತದೆ? ಇದರ ಮೇಲೆ ಗುಳಿಗಿ ತಗೊಂಡರೆ ಕೂಸು ಕರ್ರಗಾಗುತ್ತದೆ, ದಪ್ಪಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಮಾತುಗಳು. ದೊಡ್ಡ ಕೂಸಿನ ಭಯವನ್ನಂತೂ ನಾನು ಹಗುರವಾಗಿ ನೋಡಲಾರೆ. ಆಸ್ಪತ್ರೆ ದೂರವಿದ್ದ ಕಾಲದಲ್ಲಿ ಹೆರಿಗೆ ಕಟ್ಟಿಕೊಂಡು ಮಗಳನ್ನು ಕಳೆದುಕೊಂಡ ಮನೆಗಳ ನೆನಪು ಅದರ ಹಿಂದೆ ಇದೆ. ಈಗ ತಾಲೂಕು ಆಸ್ಪತ್ರೆಗಳಲ್ಲೂ ಸಿಸೇರಿಯನ್ ಆಗುತ್ತದೆ. ಅತ್ತೆಯನ್ನೂ ಎದುರಿಗೆ ಕೂರಿಸಿಕೊಂಡು ಇದನ್ನು ಹೇಳುವ ನರ್ಸಮ್ಮನ ಮಾತು ಕೇಳುತ್ತಾರೆ. ಸೊಸೆಗೆ ಮಾತ್ರ ಹೇಳಿ ಕಳಿಸಿದರೆ ಆ ಮಾತು ಮನೆಯ ಹೊಸ್ತಿಲು ದಾಟುವುದಿಲ್ಲ. ಕ್ಯಾಲ್ಸಿಯಂ ಗುಳಿಗೆಯನ್ನೂ ಇದರ ಜೊತೆಗೇ ನುಂಗಿದರೆ ಕಬ್ಬಿಣಾಂಶ ಸರಿಯಾಗಿ ಹತ್ತುವುದಿಲ್ಲ. ಎರಡನ್ನೂ ಬೇರೆ ಬೇರೆ ಹೊತ್ತಿಗೆ ತಗೊಳ್ಳಬೇಕು ಎಂಬುದನ್ನು ಹೇಳುವವರೂ ಕಡಿಮೆ.

ಈಗ ದುಡ್ಡಿನ ವಿಷಯ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ನಾಲ್ಕನೇ ಕಲಮು ಬಸುರಿಗೆ ಅಂಗನವಾಡಿಯ ಊಟವನ್ನೂ, 6,000 ರೂಪಾಯಿಗೆ ಕಡಿಮೆಯಿಲ್ಲದ ಹೆರಿಗೆ ನೆರವನ್ನೂ ಹಕ್ಕಾಗಿ ಕೊಟ್ಟಿತು. 2017ರಲ್ಲಿ ಬಂದ ಪ್ರಧಾನಮಂತ್ರಿ ಮಾತೃವಂದನಾ ಯೋಜನೆ ಅದನ್ನು ಮೊದಲ ಹೆರಿಗೆಗೆ 5,000 ರೂಪಾಯಿಗೆ ಇಳಿಸಿತು. 2022ರಿಂದ ಎರಡನೆಯದು ಹೆಣ್ಣಾದರೆ 6,000 ಸಿಗುತ್ತದೆ. ಎರಡನೆಯದು ಗಂಡಾದರೆ ಇಲ್ಲ, ಮೂರನೆಯದಕ್ಕೆ ಇಲ್ಲ. ರಕ್ತ ಹೆಚ್ಚು ಬರಿದಾಗಿರುವುದು ಎರಡು-ಮೂರು ಹೆರಿಗೆ ಬೆನ್ನುಬೆನ್ನಿಗೆ ಕಂಡ ತಾಯಿಯದು. ಅವಳನ್ನೇ ಯೋಜನೆ ಹೊರಗಿಟ್ಟಿದೆ. 2025-26ರಲ್ಲಿ ನಮ್ಮ ರಾಜ್ಯದ ನರೇಗಾ ದಿನಗೂಲಿ 370 ರೂಪಾಯಿ ಇತ್ತು. ಆ ಲೆಕ್ಕದಲ್ಲಿ 5,000 ಅಂದರೆ ಹದಿನಾಲ್ಕು ದಿನಕ್ಕೂ ಸಾಲದ ಕೂಲಿ. ಕಾಯಂ ನೌಕರಿಯ ಹೆಣ್ಣುಮಗಳಿಗೆ 2017ರ ತಿದ್ದುಪಡಿಯಿಂದ 26 ವಾರಗಳ ಸಂಬಳ ಸಹಿತ ರಜೆ ಇದೆ. ಅದು ಇರಲೇಬೇಕು. ಕಳೆ ತೆಗೆಯುವವಳಿಗೆ ಎರಡು ವಾರದ ಕೂಲಿ ಕೊಟ್ಟು ವಿಶ್ರಾಂತಿ ತಗೋ ಎಂದರೆ ಅವಳು ಹೇಗೆ ತಗೊಂಡಾಳು?

ಗೃಹಲಕ್ಷ್ಮಿಯ 2,000 ರೂಪಾಯಿ ಈ ಕೊರತೆಯನ್ನು ಸ್ವಲ್ಪ ತುಂಬಬಹುದಿತ್ತು, ಹಲವು ಮನೆಗಳಲ್ಲಿ ತುಂಬಿದೆ ಕೂಡ. ಆದರೆ ಅದು ಹೋಗುವುದು ಪಡಿತರ ಚೀಟಿಯ ಯಜಮಾನಿಗೆ. ಕೂಡು ಕುಟುಂಬದಲ್ಲಿ ಯಜಮಾನಿ ಎಂದರೆ ಅತ್ತೆ. ಬಸುರಾಗುವವಳು ಸೊಸೆ. ಹೊಸ ಸೊಸೆಯ ಹೆಸರು ಗಂಡನ ಮನೆಯ ಚೀಟಿಗೆ ಸೇರಲು ವರ್ಷವೇ ಹಿಡಿಯುತ್ತದೆ. ಆಧಾರ್‌ನಲ್ಲಿ ತವರಿನ ವಿಳಾಸವೇ ಇರುತ್ತದೆ. ಮೊದಲ ಹೆರಿಗೆಗೆ ಏಳನೇ ತಿಂಗಳಲ್ಲಿ ಕುಬಸ ಮಾಡಿ ತವರಿಗೆ ಕರೆದೊಯ್ಯುವುದು ನಮ್ಮ ಪದ್ಧತಿ. ಹಾಗೆ ಹೋದವಳು ಗಂಡನ ಊರಿನ ಅಂಗನವಾಡಿ ಪಟ್ಟಿಯಲ್ಲಿ ಇದ್ದು, ತವರೂರಿನ ಅಂಗನವಾಡಿಗೆ ಹೊಸಬಳಾಗುತ್ತಾಳೆ. ಊಟ ಬಹಳ ಬೇಕಾದ ಕೊನೆಯ ಮೂರು ತಿಂಗಳು ಈ ಓಡಾಟದಲ್ಲೇ ಕಳೆಯುತ್ತವೆ.

ಹದಿನೆಂಟು ತುಂಬದವಳ ಪಾಡು ಇನ್ನೂ ಕಷ್ಟದ್ದು. ರಾಜ್ಯದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 21.3 ಮಂದಿಗೆ ಹದಿನೆಂಟಕ್ಕೆ ಮೊದಲೇ ಮದುವೆಯಾಗಿತ್ತು ಎಂದು ಅದೇ ಸಮೀಕ್ಷೆ ಹೇಳುತ್ತದೆ. ನಮ್ಮ ಭಾಗದಲ್ಲಿ ಇದು ರಾಜ್ಯದ ಸರಾಸರಿಗಿಂತ ಹೆಚ್ಚು. ಬಾಲ್ಯವಿವಾಹ ಅಪರಾಧ, ಪೋಕ್ಸೊ ಕೇಸೂ ಆಗುತ್ತದೆ ಎಂಬ ಭಯದಿಂದ ಮನೆಯವರು ಬಸಿರನ್ನೇ ಮುಚ್ಚಿಡುತ್ತಾರೆ. ತಾಯಿ ಕಾರ್ಡ್ ಮಾಡಿಸುವುದಿಲ್ಲ, ಆಶಾ ಕಾರ್ಯಕರ್ತೆಗೆ ಹೇಳುವುದಿಲ್ಲ. ಕಾನೂನು ಸಡಿಲವಾಗಬಾರದು. ಆದರೆ ಆ ಹುಡುಗಿಯ ಮೈ ಇನ್ನೂ ಬೆಳೆಯುತ್ತಿರುತ್ತದೆ, ಅದೇ ಮೈಯಲ್ಲಿ ಇನ್ನೊಂದು ಜೀವ ಬೆಳೆಯುತ್ತಿರುತ್ತದೆ. ಅವಳಿಗೆ ಊಟ, ಗುಳಿಗೆ, ತಪಾಸಣೆ ಎಲ್ಲರಿಗಿಂತ ಮೊದಲು ಸಿಗಬೇಕು. ಶಿಕ್ಷೆ ದೊಡ್ಡವರಿಗೆ ಆಗಲಿ, ಅವಳ ತಾಟಿಗೆ ಆಗದಿರಲಿ.

ಗುಳೆ ಹೋಗುವವರನ್ನು ಬಿಟ್ಟು ಈ ವಿಷಯ ಬರೆಯಲಾಗುವುದಿಲ್ಲ. ವಿಜಯಪುರದ ತಾಂಡಾಗಳಿಂದ ಗೋವಾ, ಮುಂಬೈ, ಪುಣೆ, ರತ್ನಾಗಿರಿಗೆ ಕಟ್ಟಡ-ರಸ್ತೆ ಕೆಲಸಕ್ಕೆ ಹೋಗುತ್ತಾರೆ. ಕಬ್ಬು ನುರಿಸುವ ಹಂಗಾಮು ಸುರುವಾದೊಡನೆ ಬಾಗಲಕೋಟೆ, ಬೆಳಗಾವಿಯ ಕಾರ್ಖಾನೆಗಳ ಸುತ್ತ ಬೇರೆ ಊರಿನ, ಮಹಾರಾಷ್ಟ್ರದ ಕಬ್ಬು ಕಡಿಯುವ ಗ್ಯಾಂಗುಗಳ ಗುಡಿಸಲುಗಳು ಏಳುತ್ತವೆ. ಗಂಡ-ಹೆಂಡತಿ ಜೋಡಿಯಾಗಿ ಮುಂಗಡ ತಗೊಂಡಿರುತ್ತಾರೆ. ಗಂಡ ಕಡಿಯುತ್ತಾನೆ, ಹೆಂಡತಿ ಹೊರೆ ಕಟ್ಟಿ ತಲೆ ಮೇಲೆ ಹೊತ್ತು ಟ್ರೇಲರ್ ಏರಿಸುತ್ತಾಳೆ. ಬಸುರಿ ಎಂದು ಕೂತರೆ ಮುಂಗಡ ತೀರುವುದಿಲ್ಲ. ಅವಳ ಹೆಸರು ನೂರಾರು ಮೈಲಿ ಆಚೆಯ ಅಂಗನವಾಡಿಯ ಪಟ್ಟಿಯಲ್ಲಿರುತ್ತದೆ, ಅವಳು ಇಲ್ಲಿರುತ್ತಾಳೆ. ವಲಸೆ ಬಂದವರನ್ನೂ ಹತ್ತಿರದ ಅಂಗನವಾಡಿಯಲ್ಲಿ ಸೇರಿಸಿಕೊಳ್ಳಲು ಅವಕಾಶವಿದೆ. ಆದರೆ ಗುಡಿಸಲುಗಳ ಸಾಲಿಗೆ ಹೋಗಿ ಯಾರು ಬಸುರಿ ಎಂದು ಕೇಳುವ ಹೊಣೆ ಯಾರದೂ ಅಲ್ಲ. ಈ ಹೊಣೆಯನ್ನು ಸಕ್ಕರೆ ಕಾರ್ಖಾನೆಗಳ ಮೇಲೂ ಹಾಕಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಟ್ರ್ಯಾಕ್ಟರ್ ಎಷ್ಟು, ಗ್ಯಾಂಗ್ ಎಷ್ಟು, ಯಾವ ಊರಿನಲ್ಲಿ ಇಳಿದಿದೆ ಎಂಬ ಪಟ್ಟಿ ಕಾರ್ಖಾನೆಯ ಕೃಷಿ ವಿಭಾಗದ ಬಳಿ ಇರುತ್ತದೆ. ಅದನ್ನು ಹಂಗಾಮು ಸುರುವಾಗುವ ಮುಂಚೆ ತಾಲೂಕು ಆರೋಗ್ಯಾಧಿಕಾರಿಗೂ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೂ ಕೊಟ್ಟರೆ ಅರ್ಧ ಕೆಲಸ ಮುಗಿಯಿತು.

ಈ ವಿಷಯದಲ್ಲಿ ನಮ್ಮ ಭಾಗಕ್ಕೆ ತಿಳಿವಳಿಕೆಯ ಬಡತನವೂ ಇಲ್ಲ. ಹೆರಿಗೆಯಾದೊಡನೆ ಮಿಸೊಪ್ರೊಸ್ಟಾಲ್ ಗುಳಿಗೆ ಕೊಟ್ಟರೆ ಅತಿಯಾದ ರಕ್ತಸ್ರಾವ ಆಗುವವರ ಪ್ರಮಾಣ ಶೇ 12ರಿಂದ 6.4ಕ್ಕೆ ಇಳಿಯುತ್ತದೆ ಎಂದು ಜಗತ್ತಿಗೆ ತೋರಿಸಿದ ಅಧ್ಯಯನ ನಡೆದದ್ದು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ, 1,620 ಹೆಣ್ಣುಮಕ್ಕಳ ಮೇಲೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರೂ ಸೇರಿ ಮಾಡಿದ ಆ ಕೆಲಸ 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಹಳ್ಳಿಯ ಆರೋಗ್ಯ ಸಹಾಯಕಿಯರೇ (ಎಎನ್ಎಂ) ಆ ಗುಳಿಗೆ ಕೊಟ್ಟಿದ್ದರು. ಗರ್ಭ ನಿಲ್ಲುವುದಕ್ಕೆ ಮೂರು ತಿಂಗಳ ಮೊದಲಿನಿಂದಲೇ ಪೂರಕ ಆಹಾರ ಕೊಟ್ಟರೆ ಹುಟ್ಟುವ ಕೂಸು ಎಷ್ಟು ಉದ್ದ ಬೆಳೆದಿರುತ್ತದೆ ಎಂದು ನಾಲ್ಕು ದೇಶಗಳಲ್ಲಿ ನಡೆದ ಅಧ್ಯಯನದಲ್ಲೂ ಬೆಳಗಾವಿ ಇತ್ತು. ಆ ಮಕ್ಕಳು ಉದ್ದ ಹುಟ್ಟಿದವು. ದಿನದ ಗುಳಿಗೆಯ ಬದಲು ಒಂದೇ ಸಲ ರಕ್ತನಾಳದ ಮೂಲಕ ಕಬ್ಬಿಣಾಂಶ ಏರಿಸಿದರೆ ಹೇಗೆ ಎಂದು ಕರ್ನಾಟಕ ಮತ್ತು ರಾಜಸ್ಥಾನದ 4,320 ಬಸುರಿಯರಲ್ಲಿ ಪರೀಕ್ಷಿಸಿದ ಅಧ್ಯಯನದ ಹಿಂದೆಯೂ ಇದೇ ಕಾಲೇಜು ಇದೆ. ಗುಳೆ ಹೋಗುವ ಹೆಣ್ಣುಮಗಳಿಗೆ ಇದು ಬಹಳ ಉಪಯೋಗದ ದಾರಿ. ಗುಳಿಗೆಯನ್ನು 180 ದಿನ ನೆನಪಿಡಬೇಕು, ಸಲಾಯಿನ್‌ನಲ್ಲಿ ಏರಿಸುವ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬ ಕಬ್ಬಿಣಾಂಶದ ಔಷಧ ಒಂದೇ ದಿನದ ಕೆಲಸ. ಮೊದಲ ಮೂರು ತಿಂಗಳಲ್ಲಿ ಅದನ್ನು ಕೊಡುವಂತಿಲ್ಲ, ವೈದ್ಯರು ಎದುರಿಗಿರಬೇಕು. ಹಂಗಾಮಿಗೆ ಹೊರಡುವ ಮುನ್ನ ತಾಂಡಾಗಳಲ್ಲಿ ರಕ್ತ ಪರೀಕ್ಷೆ ಮಾಡಿ, ಬೇಕಾದವರಿಗೆ ತಾಲೂಕು ಆಸ್ಪತ್ರೆಯಲ್ಲಿ ಇದನ್ನು ಕೊಟ್ಟು ಕಳಿಸಿದರೆ ಎಷ್ಟೋ ಜೀವ ಉಳಿಯುತ್ತದೆ.

ಮಾತೃಪೂರ್ಣದಲ್ಲಿ ಆಗಬೇಕಾದ ಬದಲಾವಣೆಯೂ ದೊಡ್ಡದೇನಲ್ಲ. ಊರೊಳಗಿನವರು ಅಂಗನವಾಡಿಯಲ್ಲೇ ಉಣ್ಣಲಿ, ಜೊತೆಯಲ್ಲಿ ಕೂತು ಉಣ್ಣುವುದರಲ್ಲಿ ಸುಖವೂ ಇದೆ. ತೋಟದ ಮನೆಯವರಿಗೆ, ಏಳು ತಿಂಗಳು ದಾಟಿದವರಿಗೆ, ಕೂಲಿಗೆ ಹೋಗುವವರಿಗೆ ಮುಂಜಾನೆಯೇ ಡಬ್ಬಿ ಕಟ್ಟಿ ಕೊಡುವ ಅಥವಾ ಮೊಟ್ಟೆ, ಚಿಕ್ಕಿ, ಕಾಳನ್ನು ವಾರಕ್ಕೊಮ್ಮೆ ಮನೆಗೆ ಮುಟ್ಟಿಸುವ ಸ್ವಾತಂತ್ರ್ಯ ಆಯಾ ಅಂಗನವಾಡಿಗೆ ಇರಲಿ. ಕೊರೊನಾ ಕಾಲದಲ್ಲಿ ಮನೆಮನೆಗೆ ಕೊಟ್ಟ ಅನುಭವ ಇದ್ದೇ ಇದೆ. ಮನೆಯವರೂ ಹಂಚಿಕೊಂಡು ತಿನ್ನುತ್ತಾರೆ ಎಂಬ ಹಳೆಯ ಆತಂಕಕ್ಕೆ ಉತ್ತರ, ಹಂಚಿದ ಮೇಲೂ ಅವಳಿಗೆ ಉಳಿಯುವಷ್ಟು ಕೊಡುವುದು. ಅನ್ನದ ಬದಲು ವಾರಕ್ಕೆ ಮೂರು ದಿನವಾದರೂ ಜೋಳದ ರೊಟ್ಟಿ ಬರಲಿ, ಊರಿನ ಸ್ವಸಹಾಯ ಸಂಘದವರು ಬಡಿದು ಕೊಡುತ್ತಾರೆ, ನಾಲ್ಕು ಕಾಸು ಅವರಿಗೂ ಸಿಗುತ್ತದೆ. ಮಾತೃವಂದನೆಯ ಹಣ ಎಲ್ಲ ಹೆರಿಗೆಗೂ ಸಿಗಲಿ. ವಿತರಿಸಿದ ಗುಳಿಗೆಯ ಬದಲು, ಮುಂದಿನ ತಪಾಸಣೆಯಲ್ಲಿ ಹಿಮೋಗ್ಲೋಬಿನ್ ಎಷ್ಟು ಏರಿತು ಎಂಬುದನ್ನು ಇಲಾಖೆ ಎಣಿಸಲಿ.

ಅದೆಲ್ಲ ಆಗುವವರೆಗೆ ಮನೆಯವರು ಮಾಡಬಹುದಾದದ್ದು ಇಷ್ಟು. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ಇರುತ್ತದೆ, ಬಸ್ಸಿನ ಖರ್ಚೂ ಈಗ ಇಲ್ಲ. ತಾಯಿ ಕಾರ್ಡ್ ತೆಗೆದು ಹಿಮೋಗ್ಲೋಬಿನ್ ಎಷ್ಟು ಬರೆದಿದೆ ನೋಡಿ. 11ಕ್ಕಿಂತ ಕಡಿಮೆ ಇದ್ದರೆ ಗುಳಿಗೆ ದಿನಕ್ಕೆ ಎರಡು ಬೇಕಾಗುತ್ತದೆ, ತಿಂಗಳಿಗೊಮ್ಮೆ ಮತ್ತೆ ಪರೀಕ್ಷೆ ಮಾಡಿಸಬೇಕು. 7ಕ್ಕಿಂತ ಕಡಿಮೆ ಇದ್ದು ಏಳನೇ ತಿಂಗಳು ದಾಟಿದ್ದರೆ ರಕ್ತನಿಧಿ ಇರುವ ಆಸ್ಪತ್ರೆಗೆ ಅಂದೇ ಸೇರಿಸಬೇಕು, 5ಕ್ಕಿಂತ ಕಡಿಮೆಯಾದರೆ ಯಾವ ತಿಂಗಳಾದರೂ ಸರಿ. ಕಾಲು-ಮುಖ ಊದಿಕೊಂಡರೆ, ಕೂತಲ್ಲೇ ದಮ್ಮು ಹತ್ತಿದರೆ, ತಲೆ ಸಿಡಿದು ಕಣ್ಣು ಮಂಜಾದರೆ, ರಕ್ತ ಹೋದರೆ 9ನೇ ತಾರೀಖಿಗೆ ಕಾಯದೆ 108ಕ್ಕೆ ಫೋನ್ ಮಾಡಿ.